ಹೇಳದೆ ಹಾಕಿಸಿದ ಲಗಾಮು

ನಾನು ಬಾಯಿ ಜೋರಿನ ಹೆಂಗಸು. ಹುಮನಾಬಾದಿನ ಶಾಲೆಯಲ್ಲಿ ನಾನು ವರಾಂಡದಲ್ಲಿ ಕೆಮ್ಮಿದರೆ ಸಾಕು, ಮಕ್ಕಳು ಸಾಲಾಗಿ ಕೂತುಬಿಡುತ್ತಿದ್ದರು. ಅಂಥವಳು ಸ್ವಂತ ತಮ್ಮನಿಗೆ ಹೇಳಬೇಕಾದ ಒಂದು ಮಾತನ್ನು ಹೇಳದೆ, ಕಬ್ಬಿಣದ ತುಂಡೊಂದರಿಂದ ಕೆಲಸ ಮುಗಿಸಲು ಹೋದೆ.

ಅದು ಎಪ್ಪತ್ತರ ದಶಕದ ಕೊನೆ. ಅಪ್ಪ ಅವ್ವ ಕೊಹಿನೂರಿನಲ್ಲಿ ಹೊಲ ನೋಡಿಕೊಂಡಿದ್ದರು. ಕಾಲೇಜಿಗೆಂದು ನನ್ನ ಬಾಡಿಗೆ ಮನೆಗೆ ಬಂದ ತಮ್ಮ, ಬಸವಕಲ್ಯಾಣದ ಟೈಪಿಂಗ್ ಕ್ಲಾಸಿನಲ್ಲಿ ಕಲಿಸುವ ಕೆಲಸ ಸಿಕ್ಕ ಮೇಲೂ ನನ್ನ ಜೊತೆಗೇ ಉಳಿದ. ಆಗ ಅವನಿಗೆ ಇಪ್ಪತ್ತು ವರ್ಷ. ದಿನಾ ಬಸ್ಸಿಗೆ ಜೋತುಬಿದ್ದು ಸಾಕಾಗಿ ಒಂದು ಹಳೆಯ ಮೋಟರ್ ಸೈಕಲ್ ತಂದ. ಅದರ ಸದ್ದು ಅಗಸಿಯಲ್ಲಿ ಕೇಳಿದರೆ ನಮ್ಮ ಓಣಿಯ ಕೋಳಿಗಳು ಗೋಡೆ ಹತ್ತುತ್ತಿದ್ದವು.

ಅದೇ ತಿಂಗಳು ಪಕ್ಕದ ಓಣಿಯ ಹುಡುಗನೊಬ್ಬ, ಇವನದೇ ವಯಸ್ಸಿನವನು, ಮನ್ನಾಏಖೇಳ್ಳಿ ಹತ್ತಿರ ಹೆದ್ದಾರಿಯಲ್ಲಿ ಹೊಸ ಗಾಡಿಯಿಂದ ಬಿದ್ದು ಸತ್ತ. ನಾನು ಮಾತಾಡಿಸಲು ಹೋಗಿದ್ದೆ. ಅವನ ತಾಯಿ ಅಳುತ್ತಿರಲಿಲ್ಲ. ಅವನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತಿದ್ದಳು, ಬಿಚ್ಚುತ್ತಿದ್ದಳು. ಮನೆಗೆ ಬಂದ ನನಗೆ ಎರಡು ದಿನ ಅನ್ನ ಇಳಿಯಲಿಲ್ಲ.

ಮೂರನೆಯ ದಿನ ಬಸ್ ನಿಲ್ದಾಣದ ಹಿಂದೆ ಗಾಡಿ ರಿಪೇರಿ ಮಾಡುತ್ತಿದ್ದ ಉಸ್ತಾದರ ಹತ್ತಿರ ಹೋದೆ. ವಯಸ್ಸಾದವರು, ಕಡಿಮೆ ಮಾತಿನವರು. ತಮ್ಮನ ಗಾಡಿ ಜೋರಾಗಿ ಓಡದಂತೆ ಏನಾದರೂ ಮಾಡಿಕೊಡಿ ಎಂದೆ.

"ಲಗಾಮ ಹಾಕ್ತೀನ್ರಿ ಅಕ್ಕೋರ," ಎಂದರು. "ಎಕ್ಸಲೇಟರ್ ಅರ್ಧಕ್ಕ ನಿಂದರ್ತದ. ನಲವತ್ತರ ಮ್ಯಾಲ ಓಡಂಗಿಲ್ಲ."

ಬೆರಳ ತುದಿಯಷ್ಟು ಉದ್ದದ ಒಂದು ಕಬ್ಬಿಣದ ಕೊಳವೆ ತೋರಿಸಿದರು. ಕಾರ್ಬುರೇಟರಿನ ಒಳಗೆ ವಾಯರಿಗೆ ಅದನ್ನು ಪೋಣಿಸಿದರೆ ಮುಗಿಯಿತು.

"ಹುಡುಗಗ ಏನಂತ ಹೇಳ್ಲಿ?" ಎಂದು ಕೇಳಿದೆ.

"ಇಂಜಿನ್ ಬೋರ್ ಮಾಡ್ಸೀನಿ, ಒಳಗ ಕೊರಸೀನಿ ಅನ್ರಿ. ಬೋರ್ ಮಾಡಿದ ಗಾಡಿ ಮೆಲ್ಲಕೇ ಓಡಸಬೇಕು. ಎಲ್ಲಾರಿಗೂ ಗೊತ್ತದ."

ನಮ್ಮ ಹೊಲದಲ್ಲಿ ಓಡುವ ಕರುವಿನ ಕೊರಳಿಗೆ ಅಪ್ಪ ಒಂದು ಕಟ್ಟಿಗೆಯ ತುಂಡು ಇಳಿಬಿಡುತ್ತಿದ್ದ. ಕರು ಓಡಲು ಹೋದರೆ ತುಂಡು ಮೊಣಕಾಲಿಗೆ ಬಡಿಯುತ್ತಿತ್ತು. ಕರುವನ್ನು ಕೇಳಿ ಯಾರೂ ಕಟ್ಟುವುದಿಲ್ಲ. ನಾನೂ ಕೇಳಲಿಲ್ಲ. ಸರ್ವಿಸಿಂಗ್ ನೆಪದಲ್ಲಿ ಗಾಡಿ ಕಳಿಸಿ, ಬೋರ್ ಮಾಡಿಸಿದ್ದೇನೆಂದು ಸುಳ್ಳು ಹೇಳಿದೆ.

"ಎಮ್ಮಿ ಆಗ್ಯಾದಕ್ಕಾ ಗಾಡಿ," ಎಂದು ಅವನು ದಿನಾ ಗೊಣಗುತ್ತಿದ್ದ. "ಬಸ್ಸಿನಾಗಿನ ಹುಡುಗ್ರು ಹಿಂದಿನ ಕಿಡಕ್ಯಾಗಿಂದ ನನ್ನ ನೋಡಿ ನಗಾಕತ್ತಾರ."

ನಗಲಿ ಬಿಡು ಎಂದುಕೊಂಡೆ. ಎರಡು ತಿಂಗಳು ನೆಮ್ಮದಿಯಾಗಿದ್ದೆ.

ಕಬ್ಬು ಕಡಿಯುವ ದಿನಗಳಲ್ಲಿ, ಒಂದು ಮಧ್ಯಾಹ್ನ, ಅವನು ಕಬ್ಬಿನ ಲಾರಿಯೊಂದನ್ನು ಹಿಂದೆ ಹಾಕಲು ಹೋದ. ಎದುರಿಗೆ ಬಸ್ಸು ಬಂತು. ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿ ಖಡಿಕಲ್ಲಿನ ರಾಶಿಗೆ ಬಿದ್ದ. ಜೀವ ಉಳಿಯಿತು. ಬಲ ಮೊಣಕಾಲು ಮಾತ್ರ ಮತ್ತೆ ಮಡಚಲಿಲ್ಲ. ಗಾಡಿಯನ್ನು ಹುಮನಾಬಾದಿಗೆ ತರಲೂ ಇಲ್ಲ; ಆಸ್ಪತ್ರೆಯಲ್ಲಿ ಮಲಗಿಕೊಂಡೇ ಬಸವಕಲ್ಯಾಣದಲ್ಲಿ ಗುಜರಿಗೆ ಹಾಕಿಸಿದ.

ನೋಡಲು ಬಂದವರಿಗೆಲ್ಲ ಅವನದು ಒಂದೇ ಮಾತು: "ಗಾಡಿಗಿ ಜೋರ ಇದ್ದಿಲ್ರಿ. ಅದಕ್ಕೇ ಉಳದೆ."

ಅವ್ವ ದೇವರಿಗೆ ಕೈ ಮುಗಿಯುತ್ತಿದ್ದಳು. ನಾನು ಚಹಾ ತರುವ ನೆಪ ಮಾಡಿ ಹೊರಗೆ ಹೋಗುತ್ತಿದ್ದೆ. ಜೋರು ಇದ್ದಿದ್ದರೆ ಲಾರಿಯನ್ನು ದಾಟಿ ಮುಂದೆ ಹೋಗುತ್ತಿದ್ದ. ನಡುರಸ್ತೆಯಲ್ಲಿ ಅವನ ಕೈ ಹಿಡಿದು ನಿಲ್ಲಿಸಿದವಳು ನಾನೇ. ಹಾಗೆಂದು ನಂಬಿದ್ದೆ. ಅವನು ಕಾಲೆಳೆದುಕೊಂಡು ಅಂಗಳ ದಾಟುವ ಸದ್ದು ಕೇಳಿದರೆ ನಾನು ಒಳಮನೆಗೆ ಸರಿದುಬಿಡುತ್ತಿದ್ದೆ. ಉಸ್ತಾದರು ಎದುರಾದರೆ ಬೇರೆ ದಾರಿ ಹಿಡಿಯುತ್ತಿದ್ದೆ. ಎಳೆಯ ಹುಡುಗರಿಗೆ ಶಕ್ತಿ ಕಡಿಮೆಯಿರುವ ಗಾಡಿಯೇ ಒಳ್ಳೆಯದು ಎಂದು ಶಾಲೆಯಲ್ಲಿ ಯಾರಾದರೂ ಅಂದರೆ ನಾನು ಜಗಳಕ್ಕೇ ಬೀಳುತ್ತಿದ್ದೆ. ಯಾಕಿಷ್ಟು ಸಿಟ್ಟು ಎಂದು ಅವರಿಗೆ ತಿಳಿಯುತ್ತಿರಲಿಲ್ಲ.

ಹೀಗೆ ಆರು ವರ್ಷ ಕಳೆಯಿತು. ಒಂದು ಭಾನುವಾರ ನಮ್ಮ ಹೆಡ್ ಮಾಸ್ತರರು ಮನೆಗೆ ಬಂದರು. ಮಗನಿಗೆ ಗಾಡಿ ಕೊಡಿಸಿದ್ದರು, ಈಗ ನಿದ್ದೆ ಬರುತ್ತಿಲ್ಲವಂತೆ.

"ಭಾಳ ಜೋರ ಓಡಸಾಕತ್ತಾನ. ಏನ್ ಮಾಡ್ಲಿ?" ಎಂದು ತಮ್ಮನನ್ನು ಕೇಳಿದರು.

"ಲಗಾಮ ಹಾಕಸ್ರಿ ಸರ್," ಎಂದ ತಮ್ಮ.

ನಾನು ತೊಗರಿ ಹಸನು ಮಾಡುತ್ತಿದ್ದೆ. ಮೊರ ಕೈಯಲ್ಲೇ ನಿಂತಿತು. ಆ ಮಾತನ್ನು ನಾನು ಅವನ ಮುಂದೆ ಒಂದು ದಿನವೂ ಆಡಿರಲಿಲ್ಲ.

ಹೆಡ್ ಮಾಸ್ತರರು ಹೋಗುವತನಕ ತಡೆದುಕೊಂಡೆ. "ಲಗಾಮ ಅಂತ ನಿನಗ್ಯಾರ ಹೇಳಿದ್ರು?"

ಅವನ ಮುಖ ಇಳಿಯಿತು. ಮೊಣಕಾಲು ಸವರಿಕೊಂಡ.

"ಕಲ್ಯಾಣದ ಗಾಡಿ ಮೇಸ್ತ್ರಿ ಬಿಚ್ಚಿ ನೋಡ್ದ. ಯಾರೋ ಲಗಾಮ ಹಾಕ್ಯಾರ ಅಂದ. ನೀನೇ ಅಂತ ಗೊತ್ತಾತು. ತೆಗಸಿಬಿಟ್ಟೆ. ಮನ್ಯಾಗ ಮಾತ್ರ ಎಮ್ಮಿ ಎಮ್ಮಿ ಅನಕೋತ ಇದ್ದೆ."

"ಯಾವಾಗ ತೆಗಸಿದಿ?"

"ಬೀಳೂದಕ್ಕ ಒಂದ್ ವಾರ ಮೊದಲ. ಲಾರಿ ದಾಟೂವಾಗ ಎಪ್ಪತ್ತರ ಮ್ಯಾಲ ಇತ್ತು. ಲಗಾಮ ಇದ್ದಿದ್ರ ದಾಟಾಕೇ ಹೋಗ್ತಿದ್ದಿಲ್ಲ, ಹಿಂದೇ ಬರ್ತಿದ್ದೆ. ನಿನಗ ಗೊತ್ತಾದ್ರ ಬೈತಿ ಅಂತ ಎಲ್ಲಾರ ಮುಂದ ಗಾಡಿಗಿ ಜೋರ ಇದ್ದಿಲ್ಲ ಅನ್ಕೋತ ಬಂದೆ."

ನನ್ನ ಬೈಗುಳಕ್ಕೆ ಹೆದರಿ ಅವನು ಹೇಳುತ್ತಿದ್ದ ಸುಳ್ಳೇ ಆರು ವರ್ಷ ನನ್ನನ್ನು ತಿಂದಿತ್ತು. ತಪ್ಪು ನನ್ನದಲ್ಲವೆಂದು ತಿಳಿದಾಗ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು.

"ಯಾಕ ತೆಗಸಿದ್ಯೋ?" ಎಂದೆ.

ಅವನು ಮೇಲೆ ನೋಡಲಿಲ್ಲ. "ನಾ ಏನ್ ಅಪ್ಪನ ಹೊಲದಾಗಿನ ಕರಾ ಇದ್ನೇನಕ್ಕಾ? ಎದುರಿಗಿ ಕುಂದ್ರಿಸಿ, ನನಗ ಅಂಜಿಕಿ ಆಗಾಕತ್ತದ ಅಂತ ಒಂದ್ ಮಾತ ಅಂದಿದ್ರ ಇಟ್ಕೋತಿದ್ದೆ."

ಇಟ್ಟುಕೊಳ್ಳುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಿಯೇ ಇರಲಿಲ್ಲ.