ಸುಶೀಲಮ್ಮನವರ ‘ಪರವಾಗಿಲ್ಲ’

ಇವತ್ತು ಅಮೆರಿಕದ ಈ ಹೇವರ್ಡ್‌ನಲ್ಲಿ ಮಧ್ಯಾಹ್ನದ ಬಸ್ಸು ಹತ್ತಿದ್ದೆ. ಹಿಂದಿನ ಸೀಟಿನಲ್ಲಿ ಯಾರೋ ಡಬ್ಬಿ ತೆರೆದರು. ಇಂಗಿನ ಒಗ್ಗರಣೆ ಬಿದ್ದ ಮೊಸರನ್ನದ ವಾಸನೆ. ಕಿಟಕಿಯಾಚೆ ಗೋಡೌನುಗಳು ಬಿಸಿಲಲ್ಲಿ ತೂಕಡಿಸುತ್ತಿದ್ದವು, ಜೊತೆಗೆ ನಾನೂ. ಕಣ್ಣು ಮುಚ್ಚಿದರೆ ಸುಶೀಲಮ್ಮ.

ಮೈಸೂರಿನವರು. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಮಗಳ ಮನೆಯಲ್ಲಿದ್ದಾರೆ. ಸಕ್ಕರೆ ಕೇಳಲು ಹೋದವರಿಗೂ ಕಾಫಿ ಕುಡಿಸದೆ ಕಳಿಸಿದವರಲ್ಲ. ನನಗೆ ಅವರ ಬಗ್ಗೆ ಗೊತ್ತಿದ್ದದ್ದು ಅಷ್ಟೇ, ಅದೂ ನಾಚಿಕೆಯ ಮಾತೇ.

ವರ್ಷಕ್ಕೂ ಹಿಂದಿನ ಮಾತು, ಆಗ ಈ ಮಧ್ಯಾಹ್ನದ ಬಸ್ಸನ್ನು ನಿಲ್ಲಿಸುವ ಯೋಚನೆಯಿತ್ತು. ಬಸ್ಸಿನವರು ಜನಾಭಿಪ್ರಾಯ ಕೇಳಲು ಹೊರಟರು. ಇಂಗ್ಲಿಷ್ ಬಾರದ ನಮ್ಮ ಹಿರಿಯರನ್ನು ಮಾತಾಡಿಸಲು ಕನ್ನಡದವರು ಬೇಕಿತ್ತು. ಎಲ್ಲರಿಗಿಂತ ಮೊದಲು ಕೈಯೆತ್ತುವ ಚಟ ನನ್ನದು. ಕೊರಳಿಗೆ ಬ್ಯಾಡ್ಜು ಹಾಕಿಕೊಂಡು, ಪ್ರಜಾಪ್ರಭುತ್ವವೆಲ್ಲ ನನ್ನಿಂದಲೇ ನಡೆಯುತ್ತಿದೆ ಎನ್ನುವ ಹಾಗೆ ಮನೆಮನೆ ಸುತ್ತಿದೆ.

“ಮಧ್ಯಾಹ್ನದ ಬಸ್ಸು ನಿಲ್ಸಿದ್ರೆ ನಿಮಗೇನಾದ್ರೂ ತೊಂದ್ರೆನಾ?”

ಸುಶೀಲಮ್ಮ ಕಾಫಿ ಲೋಟ ಕೈಗಿಟ್ಟು, “ಪರವಾಗಿಲ್ಲಮ್ಮ” ಎಂದರು.

‘ಆಕ್ಷೇಪಣೆ ಇಲ್ಲ’ ಎಂಬಲ್ಲಿ ಟಿಕ್ ಹಾಕಿದೆ. ನಮ್ಮವರು ಎಲ್ಲ ಮನೆಯಲ್ಲೂ ಅದನ್ನೇ ಅಂದರು, ನಾನೂ ಹಾಕುತ್ತಲೇ ಹೋದೆ.

ಬಸ್ಸು ನಿಲ್ಲುವುದಕ್ಕೆ ಜನರ ಒಪ್ಪಿಗೆಯಿದೆ, ಕೊನೆಯ ಸಭೆಯೊಂದು ಬಾಕಿ ಎಂದು ನೋಟೀಸು ಬಂತು. ಅದೇ ವಾರ ಬಸ್‌ಸ್ಟಾಪಿನಲ್ಲಿ ಡಬ್ಬಿ ಹಿಡಿದು ನಿಂತ ಸುಶೀಲಮ್ಮ ಸಿಕ್ಕರು. ಯಜಮಾನರಿಗೆ ಪಾರ್ಶ್ವವಾಯು, ನರ್ಸಿಂಗ್ ಹೋಮಿನಲ್ಲಿದ್ದಾರಂತೆ. ಬೇರೆಯವರು ತಿನ್ನಿಸಿದರೆ ಬಾಯಿ ತೆರೆಯುವುದಿಲ್ಲ. ಮಗಳು ಆಫೀಸಿಗೆ ಹೋಗುತ್ತಾಳೆ, ಅದಕ್ಕೇ ದಿನಾ ಈ ಬಸ್ಸು.

“ಮತ್ತೆ ಪರವಾಗಿಲ್ಲ ಅಂದ್ರಲ್ಲ!”

“ಪಾಪ, ನೀನು ಬಿಸಿಲಲ್ಲಿ ಬಂದಿದ್ದೆ. ಮನೆಗೆ ಬಂದವರ ಮುಖಕ್ಕೆ ಹೊಡೆದ ಹಾಗೆ ಬೇಡ ಅಂತ ಹೇಗಮ್ಮ ಹೇಳೋದು?”

ನನಗೆ ಅಳು ಬಂತು.

ಸಭೆಗೆ ಅವರನ್ನು ಬಲವಂತವಾಗಿ ಕರೆದುಕೊಂಡು ಹೋದೆ. ಮಾತಿಗೆ ಎರಡೇ ನಿಮಿಷ. ನಾನು ಕಲಿಸಿದ್ದೆಲ್ಲ ಮೈಕು ಕಂಡದ್ದೇ ಅವರಿಗೆ ಮರೆತುಹೋಯಿತು. ನನ್ನ ಕಡೆ ತಿರುಗಿ, “ಬಸ್ಸಿನವರಿಗೂ ಏನು ಕಷ್ಟವೋ. ಪರವಾಗಿಲ್ಲ ಬಿಡಮ್ಮ” ಎಂದುಬಿಟ್ಟರು.

ಎಲ್ಲರೂ ಅನುವಾದಕ್ಕೆ ಕಾದರು. ಆ ಕ್ಷಣದಲ್ಲಿ ಯಾವ ದೇವರು ಬುದ್ಧಿ ಕೊಟ್ಟನೋ, ಪದವನ್ನು ಎರಡಾಗಿ ಬಿಡಿಸಿದೆ. ಪರವಾಗಿ ಇಲ್ಲ. “ಇವರು ಇದರ ಪರವಾಗಿ ಇಲ್ಲ” ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಸುಳ್ಳೇನಲ್ಲ, ವ್ಯಾಕರಣ ನನ್ನ ಕಡೆಗಿತ್ತು. ಆಮೇಲೆ ನನ್ನ ತಪ್ಪು ಟಿಕ್‌ಗಳನ್ನೂ ಯಜಮಾನರ ಊಟದ ಕಥೆಯನ್ನೂ ಒಪ್ಪಿಸಿದೆ. ಬಸ್ಸಿನವರು ಮತ್ತೆ ಮನೆಮನೆಯಲ್ಲೂ ಕೇಳಿಸಿದರು. ಈ ಸಲ ಯಾರು ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆವು. ಬಸ್ಸು ಉಳಿಯಿತು. ಯಜಮಾನರು ಇನ್ನೊಂದು ವರ್ಷ ಹೆಂಡತಿಯ ಕೈಯಲ್ಲಿ ಉಂಡರು.

ಬಸ್ಸು ಕುಲುಕಿ ಎಚ್ಚರವಾಯಿತು. ಯಜಮಾನರು ತೀರಿಕೊಂಡು ಮೂರು ತಿಂಗಳಾಯಿತು. ಆಮೇಲೆ ನಾನು ಸುಶೀಲಮ್ಮನ ಮನೆಗೆ ಹೋಗಿದ್ದು ಒಂದೇ ಸಲ. ಫೋನು ಮಾಡಿದೆ.

“ಹೇಗಿದ್ದೀರಿ?”

“ಪರವಾಗಿಲ್ಲಮ್ಮ.”

ಮುಂದಿನ ಸ್ಟಾಪಿನಲ್ಲಿ ಇಳಿದು, ವಾಪಸ್ಸು ಅವರ ಮನೆಯ ಕಡೆಗೆ ಹೋಗುವ ಬಸ್ಸು ಹಿಡಿಯಲು ರಸ್ತೆ ದಾಟಿದೆ.