ಹಿಟ್ಟಿನ ಡಬ್ಬಿಯಲ್ಲಿದ್ದ ಎಲೆ ಸಂಚಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಂದು ಮಡಗಾಂವದಲ್ಲಿ ಮಳೆಯಿತ್ತೆಂದು ಡೈರಿಯಲ್ಲಿ ಬರೆದಿದ್ದೇನೆ. ಚಿಗವ್ವ ಬಿಸಿಲಿತ್ತು ಎನ್ನುತ್ತಾಳೆ. ಯಾರೂ ಹೇಳದೆ ಒಬ್ಬರಿಗೆ ಏನಾದರೂ ತಿಳಿಯುತ್ತದೆ ಎಂಬುದನ್ನು ನಾನು ನಂಬಿದವಳಲ್ಲ. ಈಗ ನಂಬುತ್ತೇನೆ ಎನ್ನಲೂ ಧೈರ್ಯವಿಲ್ಲ.

ಚಿಗವ್ವ ನನ್ನ ಅವ್ವನ ತಂಗಿ. ಗಂಡನ ಜೊತೆ ಅಕ್ಕಿಆಲೂರಿನಿಂದ ಮಡಗಾಂವಕ್ಕೆ ಕಟ್ಟಡದ ಕೆಲಸಕ್ಕೆ ಹೋದವಳು. ಅಲ್ಲಿಯ ಆಸ್ಪತ್ರೆಯಲ್ಲೇ ಇಬ್ಬರಿಗೂ ಎಚ್‌ಐವಿ ಇರುವುದು ಗೊತ್ತಾಯಿತು. ಆಕೆಯ ಗಂಡ, ನನ್ನ ಕಾಕಾ, ಊರಿಗೆ ಬಂದಾಗಲೆಲ್ಲ ಯಾರಾದರೂ ನೋಡಿಯಾರೆಂದು ಗುಳಿಗೆ ನುಂಗುವುದನ್ನು ಬಿಡುತ್ತಿದ್ದ. ಹಾಗೆ ಬಿಟ್ಟು ಬಿಟ್ಟೇ ತೀರಿಕೊಂಡ. ಮನೆಯವರಿಗೆಲ್ಲ ಕಾಮಾಲೆ ಎಂದು ಹೇಳಲಾಯಿತು. ನಿಜ ಗೊತ್ತಿದ್ದದ್ದು ನನಗೊಬ್ಬಳಿಗೆ.

ಸವಣೂರಿನಲ್ಲಿ ನನ್ನ ಅಕ್ಕನ ಮದುವೆ. ಚಿಗವ್ವನನ್ನು ಕರೆತರಲು ನಾನು ಮಡಗಾಂವಕ್ಕೆ ಹೋಗಿದ್ದೆ. ಡಬ್ಬಿಯಲ್ಲಿ ಗಿಲಿಗಿಲಿ ಸದ್ದಾಗುತ್ತದೆಂದು ಆಕೆ ಗುಳಿಗೆಗಳನ್ನು ಅರಿವೆಯಲ್ಲಿ ಗಂಟು ಕಟ್ಟಿ ತನ್ನ ಎಲೆ ಅಡಿಕೆ ಸಂಚಿಯೊಳಗೆ ಇಟ್ಟಳು. ಹೊರಡುವ ಹೊತ್ತಿಗೆ ತಟ್ಟನೆ ಕೂತುಬಿಟ್ಟಳು.

"ಮದಿವಿ ಮನ್ಯಾಗ ಸಂಚಿ ಅಂದ್ರ ಊರ ಬಾವಿ ಇದ್ದಂಗ. ಕಂಡಕಂಡವರೆಲ್ಲ ಕೈ ಹಾಕ್ತಾರ."

"ನನ್ನ ಚೀಲದಾಗ ಇಟ್ಕೋತೇನಿ, ಕೊಡು."

"ನಿನಗ ಏನಾಗೇತಿ ಅಂತ ಕೇಳಿದ್ರ? ನಿನ್ನ ಮದಿವಿ ಇನ್ನೂ ಆಗೂದೈತಿ."

ಸಂಚಿಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದು ಮುಚ್ಚಳ ಒತ್ತಿದಳು. "ತಿರುಗಿ ಬಂದ ಮ್ಯಾಲೆ ನುಂಗ್ತೇನಿ."

"ಕಾಕಾನೂ ಹಿಂಗ ಅಂತಿದ್ದ," ಎಂದೆ.

ಆಗಲೇ ನನಗೆ ಅಜ್ಜಿಯ ಫೋನು ಬಂತು. ಚಿಗವ್ವನ ಅವ್ವ, ಅಕ್ಕಿಆಲೂರಿನಲ್ಲಿರುವವಳು, ಮಡಗಾಂವದ ಆ ಕೋಣೆಯನ್ನು ಎಂದೂ ಕಂಡವಳಲ್ಲ.

"ಸಂಚಿ ಹಿಟ್ಟಿನ ಡಬ್ಬ್ಯಾಗ ಬಿಟ್ಟು ಬರಬ್ಯಾಡ ಅನ್ನು ಆಕಿಗೆ. ಯಾರೂ ಕೈ ಹಾಕದಂಗ ನಾ ನೋಡ್ಕೋತೇನಿ."

ಅಷ್ಟೇ ಹೇಳಿ ಇಟ್ಟಳು. ನಾನು ಅದನ್ನು ಹೇಳಿದಾಗ ಚಿಗವ್ವ, ನಾನೇ ಕಟ್ಟಿ ಹೇಳುತ್ತಿದ್ದೇನೋ ಎಂಬಂತೆ ನನ್ನ ಮುಖ ನೋಡಿದಳು. ಆಮೇಲೆ ಡಬ್ಬಿ ತೆರೆದು, ಸಂಚಿಗೆ ಮೆತ್ತಿದ್ದ ಹಿಟ್ಟು ಕೊಡವಿದಳು.

ಮದುವೆ ಮನೆಯಲ್ಲಿ ಅಜ್ಜಿ ಮಗಳ ಮಗ್ಗುಲು ಬಿಟ್ಟು ಕದಲಲಿಲ್ಲ. ಬೀಗರ ಕಡೆಯ ಹೆಂಗಸೊಬ್ಬಳು ಸಂಚಿಗೆ ಕೈ ಚಾಚಿದರೆ, "ಆಕಿ ತಂಬಾಕ ಭಾಳ ಕಡಕ್ ಐತ್ರಿ, ಉಂಡ ಹೋಳಿಗಿ ಹೊರಗ ಬರತೈತಿ. ನನ್ನ ಎಲಿ ತಗೋರಿ," ಎಂದು ತನ್ನದನ್ನು ಮುಂದೆ ಮಾಡಿದಳು. ಊಟವಾದ ಮೇಲೆ ನೀರಿನ ತಂಬಿಗೆ ಚಿಗವ್ವನ ಕೈಗೆ ಕೊಟ್ಟು, ಸೆರಗು ಅಡ್ಡ ಹಿಡಿದು ನಿಂತಳು. ಚಿಗವ್ವ ಒಂದು ದಿನವೂ ಗುಳಿಗೆ ತಪ್ಪಿಸಲಿಲ್ಲ.

ರೋಗದ ಸಂಗತಿ ಹೆತ್ತವಳಿಗೆ ಹೇಗೋ ಹೊಳೆದಿರಬಹುದು. ಆದರೆ ಹಿಟ್ಟಿನ ಡಬ್ಬಿ? ಕೈತಪ್ಪಿ ನಾನೇ ಮೊದಲು ಫೋನು ಹಚ್ಚಿ, ನಮ್ಮ ಮಾತೆಲ್ಲ ಆಕೆಗೆ ಕೇಳಿಸಿತೇ? ಆ ಸಂಜೆಯೇ ಫೋನು ತೆಗೆದು ನೋಡಿದೆ; ಅಂಥ ಕರೆ ಇರಲಿಲ್ಲ. ಇರಲಿಲ್ಲವೆಂಬುದೂ ಈಗ ನನ್ನ ನೆನಪಷ್ಟೇ.

ಅಜ್ಜಿಯನ್ನು ಕೇಳಿದಾಗಲೆಲ್ಲ ಆಕೆ ಎಲೆಗೆ ಸುಣ್ಣ ಸವರಿ, ಮಡಚಿ ನನ್ನ ಬಾಯಿಗಿಡುತ್ತಾಳೆ. ಅಗಿದು ಮುಗಿಸಿ ಮತ್ತೆ ಕೇಳುತ್ತೇನೆ: "ಅಜ್ಜಿ, ಸಂಚಿ ಹಿಟ್ಟಿನ ಡಬ್ಬ್ಯಾಗ ಐತಂತ ನಿನಗ ಯಾರು ಹೇಳಿದ್ರು?"