ಎಂಟು ತೆನೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂವತ್ತು ವರ್ಷ ಹೊನ್ನಾವರ, ಕುಮಟಾ, ಭಟ್ಕಳ ಈ ಮೂರು ತಾಲ್ಲೂಕಿಗೆ ಒಂದು ಪತ್ರಿಕೆಯ ವರದಿಗಾರನಾಗಿದ್ದೆ. ದೋಣಿ ಮಗುಚಿದ್ದು, ಹೆದ್ದಾರಿ ಪಕ್ಕದ ಗುಡ್ಡ ಕುಸಿದದ್ದು, ಪಂಚಾಯ್ತಿಯ ಜಗಳ ಎಲ್ಲ ಬರೆದೆ. ಅಭಿಪ್ರಾಯ ಮಾತ್ರ ಬರೆಯುವ ಹಾಗಿರಲಿಲ್ಲ. ನಿವೃತ್ತನಾದ ಮೇಲೆ, ಅಷ್ಟು ವರ್ಷ ನುಂಗಿಕೊಂಡ ಅಭಿಪ್ರಾಯವೆಲ್ಲ ಒಮ್ಮೆಲೇ ಬಾಯಿಗೆ ಬಂತು.

ನಾವು ಕ್ರೈಸ್ತರು. ಮನೆಮಾತು ಕೊಂಕಣಿ, ಆದರೆ ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಅರ್ಧಕ್ಕರ್ಧ ಕನ್ನಡವೇ. ನಮ್ಮ ಇಗರ್ಜಿಗೆ ಒಂದು ವಾಟ್ಸಾಪ್ ಗುಂಪಿದೆ. ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು, ಜಗುಲಿಯ ಕುರ್ಚಿಯಲ್ಲಿ ಕೂತು, ಆ ವಾರದ ಒಂದು ಸುದ್ದಿ ಹಿಡಿದು ಅದರ ಬಗ್ಗೆ ನಮ್ಮ ವಿಶ್ವಾಸ ಏನು ಹೇಳುತ್ತದೆ ಎಂದು ಹತ್ತು ನಿಮಿಷ ಮಾತಾಡಿ ಗುಂಪಿಗೆ ಹಾಕುತ್ತಿದ್ದೆ. ಮದುವೆಯಾಗದೆ ಒಟ್ಟಿಗೆ ಬಾಳುವವರ ಬಗ್ಗೆ ಕೋರ್ಟು ಹೇಳಿದ್ದು, ಭಾನುವಾರವೇ ಪರೀಕ್ಷೆ ಇಡುವ ಶಾಲೆಗಳು, ಕಾಸರಕೋಡ ಬೀಚಿನಲ್ಲಿ ಮದುವೆಗೆ ಮೊದಲೇ ಗಂಡು ಹೆಣ್ಣು ತಬ್ಬಿಕೊಂಡು ತೆಗೆಸುವ ಫೋಟೋ, ಒಂದನ್ನೂ ಬಿಟ್ಟವನಲ್ಲ. ಥೂ, ನಾಚಿಕೆ ಎಂಬುದು ಎಲ್ಲಿ ಹೋಯಿತು ಎಂದು ನಾನು ಗುಡುಗಿದರೆ, ಕೆಳಗೆ ಕೈ ಮುಗಿದ ಚಿತ್ರಗಳು ಸಾಲಾಗಿ ಬರುತ್ತಿದ್ದವು. ಹಿಗ್ಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಪೇಟೆಯಲ್ಲಿ ಮೀನು ಕೊಳ್ಳುವಾಗಲೂ ಯಾರಾದರೂ "ಸರ್, ಈ ಸಲದ್ದು ಭಾರೀ ಇತ್ತು" ಎನ್ನುತ್ತಿದ್ದರು.

ಹೆಂಡತಿ ಮಾತ್ರ ಕೇಳುತ್ತಿರಲಿಲ್ಲ. "ಇಡೀ ವಾರ ಮನೇಲಿ ಕೇಳ್ತೆ, ಭಾನುವಾರ ಫೋನಲ್ಲೂ ಕೇಳ್ಬೇಕಾ?" ಎನ್ನುವಳು.

ಆ ಆಗಸ್ಟಿನಲ್ಲಿ ಪತ್ರಿಕೆಯ ಜತೆ ಒಂದು ಚೀಟಿ ಬಂತು. ಮಕ್ಕಳಾಗದವರಿಗೆ ಕುಮಟಾದಲ್ಲಿ ಶಿಬಿರ. ದೇಹದ ಹೊರಗೆ ಭ್ರೂಣ ಮಾಡಿ ಗರ್ಭದಲ್ಲಿಡುವ ಚಿಕಿತ್ಸೆಯ ವಿವರ, ಕೆಂಪು ಕೆನ್ನೆಯ ಒಂದು ಕೂಸಿನ ಚಿತ್ರ. ನನಗೆ ತಲೆ ಕೆಟ್ಟುಹೋಯಿತು. ಆ ಭಾನುವಾರ ನಾನು ಹೇಳಿದ್ದು ಪೂರ್ತಿ ನೆನಪಿದೆ, ಯಾಕೆಂದರೆ ಆಮೇಲೆ ಎಷ್ಟು ಸಲ ಕೇಳಿಸಿಕೊಂಡೆನೋ ಲೆಕ್ಕವಿಲ್ಲ. ಮಗು ದೇವರು ಕೊಡುವ ವರ, ಅಂಗಡಿಗೆ ಹೇಳಿ ತರಿಸುವ ಸಾಮಾನಲ್ಲ ಎಂದೆ. ಒಂದು ಬೇಕೆಂದು ನಾಲ್ಕಾರು ಮಾಡುತ್ತಾರೆ, ಉಳಿದದ್ದನ್ನು ಶೀತದ ಪೆಟ್ಟಿಗೆಯಲ್ಲಿಟ್ಟು ಮರೆಯುತ್ತಾರೆ ಎಂದೆ. "ಅವೂ ಜೀವಗಳೇ. ಅವಕ್ಕೂ ಅಪ್ಪ ಅಮ್ಮ ಇದ್ದಾರೆ. ಆ ಅಪ್ಪ ಅಮ್ಮ ಹೇಗೆ ಊಟ ಮಾಡುತ್ತಾರೆ, ಹೇಗೆ ನಿದ್ದೆ ಮಾಡುತ್ತಾರೆ?" ಎಂದು ಕೇಳಿದೆ. ನನ್ನ ದನಿ ನನಗೇ ಇಷ್ಟವಾಯಿತು.

ಕೈ ಮುಗಿದ ಚಿತ್ರಗಳು ಎಂದಿಗಿಂತ ಹೆಚ್ಚೇ ಬಂದವು. ಅವುಗಳ ನಡುವೆ ಒಂದು ಬೂದು ಬಣ್ಣದ ಸಾಲು. ನನ್ನ ಮಗಳು ಗುಂಪಿನಿಂದ ಹೊರಹೋಗಿದ್ದಳು. ಅವಳಿರುವುದು ಭಟ್ಕಳದಲ್ಲಿ, ಅಲ್ಲಿಯ ಶಾಲೆಯೊಂದರಲ್ಲಿ ಟೀಚರು. ಗಂಡ ದುಬೈಯಲ್ಲಿ. ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ಹೊಸ ಸಿಮ್ ಹಾಕಿಸಿಕೊಂಡಿರಬೇಕು ಎಂದುಕೊಂಡೆ. ನೋಡಿ, ಮೂವತ್ತು ವರ್ಷದ ವರದಿಗಾರ! ಕಣ್ಣೆದುರಿಗೆ ಸುದ್ದಿ ಬಿದ್ದಿದ್ದರೂ ತಿಳಿಯಲಿಲ್ಲ.

ಇಲ್ಲಿ ನಮ್ಮ ತೆನೆ ಹಬ್ಬದ ಬಗ್ಗೆ ಹೇಳಬೇಕು. ಸೆಪ್ಟೆಂಬರ್ ಎಂಟು, ಮಾತೆ ಮರಿಯಳ ಹುಟ್ಟಿದ ದಿನ. ಆಗಷ್ಟೇ ಹಾಲುಗಟ್ಟಿದ ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಎಷ್ಟು ಜನವೋ ಅಷ್ಟು ತೆನೆ. ಹಂಚುವವರು "ಎಷ್ಟು?" ಎಂದು ಕೇಳುತ್ತಾರೆ, ಮನೆಯ ಹಿರಿಯ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾನೆ. ಮನೆಗೆ ತಂದು ಕಾಳು ಸುಲಿದು ಪಾಯಸಕ್ಕೆ ಹಾಕಿ ಒಟ್ಟಿಗೆ ಉಣ್ಣುವುದು. ಊರಲ್ಲಿಲ್ಲದವರ ತೆನೆಯನ್ನು ದೇವರ ಚಿತ್ರದ ಕೆಳಗೆ ಸಿಕ್ಕಿಸಿಟ್ಟು, ಅವರು ರಜೆಯಲ್ಲಿ ಬಂದ ದಿನ ಪಾಯಸ ಮಾಡುತ್ತೇವೆ. ನಮ್ಮ ಮನೆಯಲ್ಲಿ ಇನ್ನೂ ಒಂದು ರೂಢಿಯಿದೆ. ಬಸುರಿ ಇದ್ದರೆ ಹೊಟ್ಟೆಯಲ್ಲಿರುವ ಮಗುವಿಗೂ ಒಂದು ತೆನೆ. ನನ್ನ ಅಮ್ಮ ಬಾಯಿಬಿಟ್ಟು ಸುದ್ದಿ ಹೇಳಿದವಳೇ ಅಲ್ಲವಂತೆ. ಹಬ್ಬದ ಬೆಳಿಗ್ಗೆ ಅಪ್ಪನಿಗೆ "ಒಂದು ಹೆಚ್ಚು ತನ್ನಿ" ಎಂದಳಂತೆ, ಆ ಹೆಚ್ಚಿನ ತೆನೆ ನಾನು.

ಎಂಟು ವರ್ಷದಿಂದ ನಮ್ಮ ಮನೆಯ ಲೆಕ್ಕ ನಾಲ್ಕು. ನಾನು, ಹೆಂಡತಿ, ಮಗಳು, ಅಳಿಯ.

ಹಬ್ಬಕ್ಕೆ ಎರಡು ದಿನ ಮೊದಲು, ಸಂಜೆ ಚಾ ಕುಡಿಯುತ್ತಾ ಹೆಂಡತಿಯನ್ನು ಕೇಳಿದೆ, "ಮಗಳು ಯಾವ ಬಸ್ಸಿಗೆ ಬತ್ತಾಳಂತೆ?"

"ಬರೂದಿಲ್ಲ."

"ಎಂತಕ್ಕೆ? ರಜೆ ಇಲ್ಲವಾ?"

ಅವಳು ಲೋಟ ಕೆಳಗಿಟ್ಟಳು. ಮೂರು ವಾರದಿಂದ ಮುಖ ಊದಿಸಿಕೊಂಡೇ ಓಡಾಡುತ್ತಿದ್ದಳು, ನಾನು ಮಂಡಿನೋವು ಎಂದುಕೊಂಡಿದ್ದೆ. "ಅವಳಿಗೆ ನಾಲ್ಕು ತಿಂಗಳು," ಎಂದಳು. "ಮಂಗಳೂರಲ್ಲಿ ಔಷಧಿ ಮಾಡಿಸ್ಕಂಡು ಆದದ್ದು. ನೀವು ಫೋನಲ್ಲಿ ಬೈದ್ರಲ್ಲ, ಅದೇ ಔಷಧಿ. ನಾ ಕಣ್ಣು ತೋರ್ಸೂಕೆ ಅಂತ ಹೋದದ್ದೆಲ್ಲ ಅವಳ ಜತೆಗೇ."

ನನ್ನೊಳಗೆ ಮೊದಲು ಎದ್ದದ್ದು ಸಂತೋಷವಲ್ಲ. ಸಿಟ್ಟು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. "ನಂಗೆ ಎಂತಕ್ಕೆ ಹೇಳಲಿಲ್ಲ? ನಾ ಈ ಮನೆಯವನಲ್ಲವಾ?" ಎಂದು ಕೂಗಿದೆ. ಪಕ್ಕದ ಮನೆಯ ನಾಯಿ ಬೊಗಳಿತು.

"ಹೇಳೂಕೆ ಹಬ್ಬಕ್ಕೆ ಕಾಯ್ತಿದ್ದಳು," ಎಂದಳು ಹೆಂಡತಿ. "ಪಪ್ಪಂಗೆ ಒಂದು ಹೆಚ್ಚು ತನ್ನಿ ಅಂತ ನಾನೇ ಹೇಳ್ತೆ, ಆಗ ಅವರ ಮುಖ ನೋಡ್ಬೇಕು ಮಮ್ಮಿ ಅಂತಿದ್ದಳು. ಅಷ್ಟರಲ್ಲಿ ನಿಮ್ಮ ಭಾಷಣ ಬಂತು."

ವರದಿಗಾರನಿಗೆ ಒಂದು ನಿಯಮವಿದೆ. ಯಾರ ಬಗ್ಗೆ ಬರೆಯುತ್ತೀಯೋ ಅವರನ್ನು ಕೇಳದೆ ಒಂದು ಸಾಲೂ ಕಳಿಸಬಾರದು. ಮೀನು ಮಾರುವವಳೇ ಇರಲಿ, ಶಾಸಕನೇ ಇರಲಿ, ಕೇಳದೆ ನಾನು ಬರೆದವನಲ್ಲ. ಆ ಭಾನುವಾರ ಮಾತ್ರ ಯಾರನ್ನೂ ಕೇಳಿರಲಿಲ್ಲ. ಕೇಳಬೇಕಾದವಳು ನನ್ನ ಮನೆಯವಳೇ ಆಗಿದ್ದಳು.

ಮರುದಿನ ಬೆಳಿಗ್ಗೆ ಭಟ್ಕಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿದೆ. ತಪ್ಪಾಯಿತು ಎನ್ನಲೇ? ಆದರೆ ನಾನು ಹೇಳಿದ್ದು ನನ್ನ ಧರ್ಮ ಹೇಳುವುದನ್ನೇ. ಅದನ್ನು ಸುಳ್ಳು ಎನ್ನಲು ಬರುವುದಿಲ್ಲ, ಇವತ್ತಿಗೂ ಬರುವುದಿಲ್ಲ. ಹಾಗಂತ ಆ ಹೊಟ್ಟೆಯಲ್ಲಿರುವುದು ನನ್ನ ಮೊಮ್ಮಗು. ಶರಾವತಿಯ ಸೇತುವೆ ದಾಟಿದ್ದೇ ಗೊತ್ತಾಗಲಿಲ್ಲ.

ಬಾಗಿಲು ತೆಗೆದವಳು "ಬನ್ನಿ ಪಪ್ಪಾ" ಎಂದಳು. ಅಷ್ಟೇ. ಕೂಗಾಡುತ್ತಾಳೆ, ನಾನೂ ಕೂಗಾಡುತ್ತೇನೆ, ಆಮೇಲೆ ಅಳುತ್ತಾಳೆ, ಎಲ್ಲ ಸರಿಹೋಗುತ್ತದೆ ಎಂದು ನಾನು ಎಣಿಸಿದ್ದೆ. ನನ್ನದೇ ರಕ್ತವಲ್ಲವೇ, ಚಿಕ್ಕಂದಿನಲ್ಲಿ ತಟ್ಟೆ ಎಸೆಯುತ್ತಿದ್ದವಳು. ಈಗ ನೀರು ತಂದುಕೊಟ್ಟು ಎದುರಿಗೆ ಕೂತಳು. ಹೊಟ್ಟೆ ಇನ್ನೂ ಅಷ್ಟು ಕಾಣುತ್ತಿರಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು.

"ನಿನ್ನ ಬಗ್ಗೆ ಅಂತ ಗೊತ್ತಿದ್ರೆ ನಾ ಹೇಳ್ತಿರಲಿಲ್ಲ ಮಗಾ," ಎಂದೆ.

"ಬೇರೆಯವರ ಮಗಳಾದ್ರೆ ಹೇಳ್ಬಹುದಾ?" ಎಂದಳು. ನನ್ನ ಕೈಯ ಲೋಟ ತೆಗೆದು ಪಕ್ಕಕ್ಕಿಟ್ಟು ಅವಳೇ ಮುಂದುವರಿಸಿದಳು. "ಬಿಡಿ, ಸಿಟ್ಟಿಗೆ ಗುಂಪು ಬಿಟ್ಟದ್ದಲ್ಲ ನಾನು. ನೀವು ಹೇಳಿದ್ದು ಸುಳ್ಳಾಗಿದ್ರೆ ಬಂದು ಜಗಳ ಮಾಡ್ತಿದ್ದೆ. ನಾಲ್ಕಾಗಿತ್ತು ಪಪ್ಪಾ. ಒಂದು ಇಟ್ರು, ಅದೇ ನಿಂತಿತು. ಮೂರು ಅಲ್ಲೇ ಶೀತದ ಪೆಟ್ಟಿಗೇಲಿದೆ. ಈ ಒಂದಕ್ಕೇ ನನ್ನ ಮೈ ಅರ್ಧ ಆತು. ಇನ್ನೊಂದ್ಸಲ ಆಗೂದಿಲ್ಲ ಅಂತ ಡಾಕ್ಟರೇ ಹೇಳಿದಾರೆ. ಆ ಮೂರನ್ನ ಎಂತ ಮಾಡೂದು ಅಂತ ಆಸ್ಪತ್ರೆಯಿಂದ ಪತ್ರ ಬಂದಿದೆ. ಸಹಿ ಹಾಕ್ಬೇಕು. ಊಟ ಹೇಗೆ ಮಾಡ್ತಾರೆ ಅಂತ ಕೇಳಿದ್ರಲ್ಲ? ಮಾಡೂಕಾಗ್ತಿಲ್ಲ."

ಅಯ್ಯೋ ದೇವರೇ. ನಾನು ಎಷ್ಟೋ ಸಾವಿನ ಮನೆಗೆ ಹೋಗಿ ಬರೆದುಕೊಂಡು ಬಂದವನು. ಆ ಕುರ್ಚಿಯಲ್ಲಿ ಕೂತ ಹಾಗೆ ಎಲ್ಲೂ ಕೂತಿಲ್ಲ.

"ಒಂದು ಕೇಳ್ತೆ," ಎಂದಳು. "ನಾಳೆ ಇದಕ್ಕೊಂದು ತೆನೆ ತರ್ತೀರಿ, ಅದು ಗೊತ್ತು ನಂಗೆ. ಆ ಮೂರೂ ಜೀವ ಅಂದ್ರಿ, ಅಪ್ಪ ಅಮ್ಮ ಇದ್ದಾರೆ ಅಂದ್ರಿ. ಹಂಗಾರೆ ಅಜ್ಜನೂ ಇರ್ಬೇಕಲ್ಲ. ಅವಕ್ಕೂ ತರ್ತೀರಾ?"

ನಾನು ಆಗ ಆಡಿದ ಮಾತು ಜೀವನದಲ್ಲೇ ಅತಿ ಹೇಡಿ ಮಾತು. "ಫಾದರ್ ಹತ್ರ ಕೇಳಿ ನೋಡ್ತೆ" ಎಂದೆ.

"ಫಾದರ್ ಹತ್ರ ಅಲ್ಲ, ನಾ ನಿಮ್ಮ ಹತ್ರ ಕೇಳ್ತಿದ್ದೆ," ಎಂದು ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು.

ಹಬ್ಬದ ದಿನ ಮಳೆ ಬಿಟ್ಟಿತ್ತು. ಮಕ್ಕಳು ಹೂವಿನ ತಟ್ಟೆ ಹಿಡಿದು ಹಾಡುತ್ತಾ ಮಾತೆಯ ಪ್ರತಿಮೆಗೆ ಹೂ ಎಸೆದರು. ಪೂಜೆಯಲ್ಲಿ ಫಾದರ್ ಏನು ಹೇಳಿದರೋ ನನಗೆ ತಿಳಿಯದು. ಹೆಂಡತಿ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಪೂಜೆ ಮುಗಿದು ಅಂಗಳದಲ್ಲಿ ಸಾಲು ನಿಂತಿತು. ಮೇಜಿನ ಮೇಲೆ ಹಸಿ ತೆನೆಯ ರಾಶಿ, ಅದರ ಹಿಂದೆ ನಮ್ಮ ಕೇರಿಯ ಹಿರಿಯರೊಬ್ಬರು. ನನ್ನ ಮುಂದೆ ನಿಂತಿದ್ದವನು ತಿರುಗಿ, "ಸರ್, ಆ ಶಿಬಿರದ ಬಗ್ಗೆ ಹೇಳಿದ್ರಲ್ಲ, ಅದನ್ನ ನಾನು ನಾಲ್ಕು ಗುಂಪಿಗೆ ಕಳಿಸಿದೆ" ಎಂದ. ಒಳ್ಳೆಯ ಮನುಷ್ಯ, ಖುಷಿಪಡಲಿ ಎಂದೇ ಹೇಳಿದ್ದು. ನಾನು ಕಣ್ಣನ್ನು ತೆನೆಯ ರಾಶಿಯ ಕಡೆ ತಿರುಗಿಸಿದೆ.

ಐದು ಎಂದರೆ ಸಾಕಿತ್ತು. ಹಾಗೆಂದಿದ್ದರೆ ಎಲ್ಲರೂ ಕೈ ಕುಲುಕುತ್ತಿದ್ದರು, ಅಜ್ಜ ಆಗ್ತೀರಾ ಎಂದು ನಗುತ್ತಿದ್ದರು. ಐದು ಎಂದು ಮನೆಗೆ ಬಂದು ಮಗಳಿಗೆ ಏನಾದರೂ ಸಮಾಧಾನ ಹೇಳಬಹುದಿತ್ತು. ಆದರೆ ಐದು ಎಂದರೆ ಆ ಭಾನುವಾರ ನಾನು ಹೇಳಿದ್ದು ಬರೀ ಬಾಯಿಮಾತು. ಅವೂ ಜೀವಗಳೇ ಎಂದು ಸಾವಿರ ಕಿವಿಗೆ ಹೇಳಿ, ನನ್ನ ಮನೆಯ ಲೆಕ್ಕಕ್ಕೆ ಬಂದಾಗ ಬಿಟ್ಟುಬಿಟ್ಟೆ ಎಂದಾಯಿತು. ಎಂಟು ಎಂದರೆ ಮಗಳು ಮಾಡಿದ್ದನ್ನು ಅಂಗಳದಲ್ಲಿ ನಿಂತು ಸಾರಿದ ಹಾಗೆ. ಯಾವುದು ಸರಿ? ನನಗೆ ಆಗಲೂ ತಿಳಿಯಲಿಲ್ಲ. ಆದರೆ ಕೇಳಿದವಳು ಅವಳೇ.

"ಎಷ್ಟು?" ಎಂದರು ಹಿರಿಯರು, ಕೈ ಆಗಲೇ ನಾಲ್ಕು ತೆನೆ ಎತ್ತಿತ್ತು.

"ಎಂಟು."

"ನೆಂಟ್ರು ಬಂದಿದಾರಾ?"

"ಅಲ್ಲ. ಮನೆಯವರೇ."

ಹಿರಿಯರು ನನ್ನ ಹೆಂಡತಿಯ ಮುಖ ನೋಡಿದರು, ಆಮೇಲೆ ನನ್ನದು. ಹಿಂದೆ ಪಿಸುಮಾತು ಕೇಳಿತು. ಅವರು ಮತ್ತೇನೂ ಕೇಳದೆ ಒಂದೊಂದಾಗಿ ಎಂಟು ಎಣಿಸಿ ಕೊಟ್ಟರು. ಹೆಂಡತಿ ಸೆರಗು ಒಡ್ಡಿ ತೆಗೆದುಕೊಂಡಳು. ಹೊರಗೆ ಬರುವಾಗ ನನ್ನ ಮೊಣಕೈ ಹಿಡಿದಳು, ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಮಗಳಿಗೆ ನಾನೇ ಫೋನು ಮಾಡಿದೆ. "ಎಂಟು ತಂದಿದ್ದೆ" ಎಂದೆ. "ಆತು" ಎಂದಳು.

ಮಧ್ಯಾಹ್ನ ಊಟದ ಹೊತ್ತಿಗೆ ಬಂದಳು. ಚಪ್ಪಲಿ ಬಿಟ್ಟು ಸೀದಾ ದೇವರ ಚಿತ್ರದ ಹತ್ತಿರ ಹೋಗಿ ತಟ್ಟೆಯಲ್ಲಿದ್ದ ತೆನೆ ಎಣಿಸಿದಳು. ಅವಳ ಅಮ್ಮ ನಾಲ್ಕನ್ನು ಸುಲಿದು ಪಾಯಸಕ್ಕೆ ಹಾಕಿದಳು, ನಮ್ಮ ಮೂವರದು, ಹೊಟ್ಟೆಯಲ್ಲಿರುವುದರದು. ಅಳಿಯನದನ್ನು ಎಂದಿನ ಹಾಗೆ ಚಿತ್ರದ ಕೆಳಗೆ ಸಿಕ್ಕಿಸಿದೆ. ಮೂರು ಉಳಿದವು. ಮಗಳು ಅವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಳು.

"ಇವನ್ನ ಎಂತ ಮಾಡ್ತೀರಿ ಪಪ್ಪಾ?"

"ಅಳಿಯನ ತೆನೆ ಜತೆಗೇ ಇಡ್ತೆ. ಊರಲ್ಲಿಲ್ಲದವರದ್ದು ಅಲ್ಲೇ ಅಲ್ಲವಾ ಇಡೂದು."

"ಅವರು ಬರೋ ತನಕ?"

"ಹ್ಞೂಂ."

"ಬರದೇ ಹೋದ್ರೆ?"

ಪ್ರತಿ ಭಾನುವಾರ ಹತ್ತು ನಿಮಿಷ ತಡೆಯಿಲ್ಲದೆ ಮಾತಾಡುತ್ತಿದ್ದವನು ನಾನು. ಲೋಕದ ಯಾವ ಸುದ್ದಿಗೂ ನನ್ನ ಹತ್ತಿರ ಉತ್ತರವಿತ್ತು. "ನಾ ಇರೋ ತನಕ ಇಡ್ತೆ ಮಗಾ," ಎಂದೆ. ಅವಳು ನನ್ನ ಭುಜಕ್ಕೆ ಹಣೆ ಇಟ್ಟು ಅತ್ತಳು, ನಾನೂ ಅತ್ತೆ. ಹೆಂಡತಿ ಒಳಗಿನಿಂದ ಪಾಯಸ ತಣ್ಣಗಾಗುತ್ತದೆ ಎಂದು ಕರೆದಳು.

ಆ ಪತ್ರಕ್ಕೆ ಅವಳು ಇನ್ನೂ ಸಹಿ ಹಾಕಿಲ್ಲ. ಏನು ಮಾಡಬೇಕೆಂದು ನಾನು ಹೇಳಿಲ್ಲ, ಅವಳು ಕೇಳಿಲ್ಲ. ಆಮೇಲಿನ ಭಾನುವಾರ ಗುಂಪಿನಲ್ಲಿ ಒಬ್ಬರು, "ಈ ವಾರ ಎಂತ ಇಲ್ಲವಾ ಸರ್?" ಎಂದು ಬರೆದರು. ಫೋನು ಕೈಗೆತ್ತಿಕೊಂಡು ಜಗುಲಿಯ ಕುರ್ಚಿಯಲ್ಲಿ ಕೂತೆ. ಅಲ್ಲಿಂದ ಒಳಗೆ ನೋಡಿದರೆ ದೇವರ ಚಿತ್ರ ಕಾಣುತ್ತದೆ, ಅದರ ಕೆಳಗೆ ನಾಲ್ಕು ತೆನೆ. ಅಳಿಯ ಡಿಸೆಂಬರಿಗೆ ಬರುತ್ತಾನೆ. ಫೋನು ಕೆಳಗಿಟ್ಟೆ.